ಮಾಡಗ್ಯಾಳವೋ ಡೆಕ್ಕನಿಯೋ: ಹತ್ತು ಕುರಿಯ ಲೆಕ್ಕ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಉಮದಿ, ಸಂಖದ ಕಡೆ ಹೊಲದ ಮನೆಯವರು ನಾಲ್ಕು ಕುರಿ ಕಟ್ಟಲು ಹೊರಟರೆ ಮೊದಲು ಬಾಯಿಗೆ ಬರುವ ತಳಿಯ ಹೆಸರು ಮಾಡಗ್ಯಾಳ. ತಳಿಗೆ ಹೆಸರು ಕೊಟ್ಟ ಊರು ನಮ್ಮದೇ ತಾಲ್ಲೂಕಿನಲ್ಲಿದೆ, ಅಭಿಮಾನ ಸಹಜ. ನಮ್ಮ ಕೊಟ್ಟಿಗೆಯಲ್ಲಿ ಮಾಡಗ್ಯಾಳ ಮತ್ತು ಕರಿ ಡೆಕ್ಕನಿ ಒಟ್ಟಿಗೇ ಬೆಳೆದಿವೆ. ನಡುವೆ ನಾರಿ ಸುವರ್ಣ ಎಂಬ ಮೂರನೆಯ ತಳಿಯೂ ಬಂದು ಹೋಯಿತು. ನೂರಾರು ಕುರಿ ಹೊಡೆದುಕೊಂಡು ಊರೂರು ಅಲೆಯುವವರ ಲೆಕ್ಕ ಬೇರೆ. ಇದು ಮನೆ ಮುಂದಿನ ಹತ್ತು-ಹನ್ನೆರಡು ಕುರಿಯ ಮಾತು.

ಮಾಡಗ್ಯಾಳ ನೋಡಲು ಚೆಂದ. ಎತ್ತರದ ಕಾಲು, ಬಿಳಿ ಮೈಮೇಲೆ ಕಂದು ಮಚ್ಚೆ, ಜೋಲುಕಿವಿ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು. ಟಗರು ಕೊಳ್ಳಲು ಬಂದವರು ಹಲ್ಲು ಎಣಿಸುವ ಮೊದಲೇ ಗದ್ದ ಹಿಡಿದು, ಮುಖ ಅಡ್ಡ ತಿರುಗಿಸಿ, ಆ ಬಾಗನ್ನು ನೋಡುತ್ತಾರೆ. 2020ರಲ್ಲಿ ಆಟಪಾಡಿಯ ಸಂತೆಯಲ್ಲಿ ಸರ್ಜಾ ಎಂಬ ಟಗರನ್ನು 70 ಲಕ್ಷ ರೂಪಾಯಿಗೆ ಕೇಳಿದರೂ ಒಡೆಯ ಕೊಡದೆ ಒಂದೂವರೆ ಕೋಟಿ ಹೇಳಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ಅಂದಿನಿಂದ ನಮ್ಮ ಕಡೆ ಮೂಗು ಸ್ವಲ್ಪ ಬಾಗಿದ ಮರಿಗೂ ಲಕ್ಷದ ಕನಸು. ಅದು ಬೀಜದ ಟಗರಿನ ಬೆಲೆ. ಬಕ್ರೀದಿಗೆ ಮಾರುವವರು ಆ ಲೆಕ್ಕ ಹಿಡಿಯಬಾರದು.

ತೂಕದಲ್ಲೂ ಮಾಡಗ್ಯಾಳವೇ ಮುಂದು. ಒಂದೇ ವಾರದಲ್ಲಿ ಹುಟ್ಟಿದ ಎರಡು ಮರಿಗಳನ್ನು ಆರು ತಿಂಗಳಿಗೆ ಜೊತೆಗೆ ನಿಲ್ಲಿಸಿದರೆ ಡೆಕ್ಕನಿ ತಮ್ಮನಂತೆ ಕಾಣುತ್ತದೆ. ಆದರೆ ತಲೆಗೆ ಎಷ್ಟು ಬಂತು ಎನ್ನುವುದಕ್ಕಿಂತ ಒಂದು ಬಣವೆ ಮೇವಿಗೆ ಎಷ್ಟು ಬಂತು ಎಂದು ಕೇಳಬೇಕು. ಏಪ್ರಿಲಿನಲ್ಲಿ ಜೋಳದ ಕಣಿಕೆ ಮಾತ್ರ ಉಳಿದಾಗ ಮಾಡಗ್ಯಾಳ ಒಣ ಎಲೆಯ ರವದಿಯನ್ನಷ್ಟೇ ಆರಿಸಿ ತಿಂದು ದಂಟನ್ನು ಕಾಲಡಿಗೆ ಹಾಕುತ್ತದೆ. ಶೇಂಗಾ ಹೊಟ್ಟು, ಒಂದು ಹಿಡಿ ಗೋವಿನಜೋಳ ಬೀಳುವವರೆಗೆ ಒದರುತ್ತದೆ. ಡೆಕ್ಕನಿ ಅದೇ ದಂಟನ್ನು ಕಡಿದು, ಬದುವಿನ ಜಾಲಿಕಾಯಿ ಆಯ್ದು, ಸಂಜೆ ತಣ್ಣಗೆ ಮೆಲುಕು ಹಾಕುತ್ತಾ ಮಲಗುತ್ತದೆ. ಬರಗಾಲದ ವರ್ಷ ಮೈ ಇಳಿದರೂ ಗಬ್ಬ ಉಳಿಸಿಕೊಂಡದ್ದು ಅದೇ.

ಉಣ್ಣೆ ಡೆಕ್ಕನಿಯ ಹೆಚ್ಚುಗಾರಿಕೆ ಎಂದು ಹೇಳುವವರಿದ್ದಾರೆ. ಇತ್ತು. ಈಗ ಕಂಬಳಿ ನೇಯುವವರು ಕಡಿಮೆಯಾಗಿ, ಉಣ್ಣೆ ಮಾರಿದ ಹಣ ಕತ್ತರಿಸಿದವನ ಕೂಲಿಗೂ ಸಾಲುವುದಿಲ್ಲ. ಮಾಡಗ್ಯಾಳಕ್ಕೆ ಉಣ್ಣೆ ತೀರ ಕಡಿಮೆ, ಆ ಕೆಲಸವೇ ಇಲ್ಲ.

ನಾರಿ ಸುವರ್ಣ ಫಲಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆ ಬೆಳೆಸಿದ ತಳಿ. ಸುಂದರಬನದ ಪುಟ್ಟ ಗಾರೋಲ್ ಕುರಿಯಿಂದ ಅವಳಿ ಹೆರುವ ವಂಶವಾಹಿಯನ್ನು ಡೆಕ್ಕನಿಯಂಥ ಕುರಿಗೆ ತಂದಿದ್ದಾರೆ. ಅವಳಿ ನಿಜವಾಗಿಯೂ ಬಂತು. ಎರಡನೆಯ ಮರಿ ಮಾತ್ರ ತಾಯಿಯ ಕೆಚ್ಚಲಿಗಿಂತ ನಮ್ಮ ಅತ್ತೆಯ ಬಾಟಲಿಯನ್ನೇ ನಂಬಿತ್ತು. ಮನೆಯಲ್ಲಿ ಆಡಿನ ಹಾಲಿದ್ದು, ನಡುರಾತ್ರಿ ಏಳುವವರಿದ್ದರೆ ಇದಕ್ಕಿಂತ ಲಾಭದ ಕುರಿ ಇಲ್ಲ. ಅತ್ತೆ ಮಗಳ ಬಾಣಂತನಕ್ಕೆ ವಿಜಯಪುರಕ್ಕೆ ಹೋದ ವರ್ಷವೇ ನಾವು ಅವನ್ನು ಮಾರಿದೆವು.

ರೋಗದ ವಿಷಯದಲ್ಲಿ ಮೂರೂ ಒಂದೇ. ಮಳೆಗಾಲಕ್ಕೆ ಮೊದಲು ಕರುಳುಬೇನೆಯ ಲಸಿಕೆ, ಸಮಯಕ್ಕೆ ಪಿಪಿಆರ್ (ಆಡು-ಕುರಿಗಳ ಪ್ಲೇಗ್) ಲಸಿಕೆ, ಜಂತಿನ ಔಷಧಿ. ದನಕ್ಕೆ ತಂದ ಖನಿಜ ಮಿಶ್ರಣವನ್ನು ಕುರಿಗೆ ಹಾಕಬಾರದು: ದನಕ್ಕೆ ಹಿಡಿಸುವಷ್ಟು ತಾಮ್ರ ಕುರಿಗೆ ವಿಷವಾಗುತ್ತದೆ.

ಬಾವಿಯಲ್ಲಿ ಬೇಸಿಗೆಗೂ ನೀರು ಉಳಿದು, ಮೇವಿನ ಜೋಳವೋ ಕುದುರೆ ಮಸಾಲೆ ಸೊಪ್ಪೋ ಹಸಿರಾಗಿರುವವರು ಮಾಡಗ್ಯಾಳವನ್ನೇ ಕಟ್ಟಲಿ. ಮಳೆ ನೋಡಿ ಬದುಕುವ ನಮ್ಮಂಥವರಿಗೆ ಡೆಕ್ಕನಿ ತಾಯಿಗಳು, ಮೇಲೆ ಬಿಡಲು ಮಾಡಗ್ಯಾಳದ ಟಗರು. ಚೊಚ್ಚಲು ಕುರಿಗಳಿಗೆ ಮಾತ್ರ ಡೆಕ್ಕನಿ ಟಗರನ್ನೇ ಬಿಡುತ್ತೇವೆ. ಮೊದಲ ಹೆರಿಗೆಯಲ್ಲಿ ದೊಡ್ಡ ಮರಿ ಸಿಕ್ಕಿಕೊಂಡರೆ ತಾಯಿ-ಮರಿ ಎರಡೂ ಹೋಗಬಹುದು.