ಗ್ಲೇಸಿಯರ್ ಮ್ಯಾಲ ನಡಿಯೋದು ಎಲ್ಲಿ ಕಲೀಬೇಕು? ಸರ್ಕಾರಿ ಕೋರ್ಸ್, ಪ್ರೈವೇಟ್ ಕೋರ್ಸ್, ನಮ್ಮ ಹೊಲದ ಬಾವಿ

ನಮ್ಮ ಅಕ್ಕನ ಮಗ ಡಿಗ್ರಿ ಮುಗಿಸ್ಯಾನ, ಬಾದಾಮಿ ಕಲ್ಲು ಹತ್ತೋದಂದ್ರ ಅವಗ ಊಟ ನಿದ್ದಿ ಬ್ಯಾಡ, ಈಗ ಹಿಮಾಲಯಕ್ಕ ಹೋಗಿ ಗ್ಲೇಸಿಯರ್ (ನಿಧಾನ ಹರಿಯೋ ಹಿಮದ ನದಿ) ಮ್ಯಾಲ ನಡಿಯೋದು ಕಲೀತೀನಂತ ಗಂಟು ಬಿದ್ದಾನ. "ಮಾಮಾ, ಸರ್ಕಾರಿ ಕೋರ್ಸಿಗೆ ಒಂದು ತಿಂಗಳು ಯಾಕ ಹಾಕ್ಬೇಕು, ಪ್ರೈವೇಟ್‌ನವರು ಒಂದು ವಾರದಾಗ ಎಲ್ಲಾ ಕಲಸ್ತಾರಲ್ಲ" ಅಂತ ಕೇಳಿದ. ನಾ ಎರಡೂ ಮಾಡೇನಿ, ನಡುವ ಎರಡು ವರ್ಷ ಬಾಗಲಕೋಟಿ ಹತ್ರ ನಮ್ಮ ಹೊಲದ ಬಾವ್ಯಾಗೂ ಹಗ್ಗ ಕಟ್ಟಿ ಪ್ರಾಕ್ಟೀಸ್ ಮಾಡೇನಿ, ಹಂಗಾಗಿ ಅವಗ ಹೇಳಿದ್ದನ್ನ ಇಲ್ಲಿ ಬರೀತೀನಿ, ನಮ್ಮ ಕಡೆಯಿಂದ ಹೋಗೋ ಹುಡುಗರಿಗೆ ಉಪಯೋಗ ಆಗಬಹುದು.

ಮೊದಲು ಸರ್ಕಾರಿ ಕೋರ್ಸ್. ಡಾರ್ಜಿಲಿಂಗ್‌ನ ಎಚ್‌ಎಮ್‌ಐ (ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟ್) 1954ರಾಗ ಶುರು ಆಗಿದ್ದು, ಉತ್ತರಕಾಶಿಯ ಎನ್‌ಐಎಮ್ (ನೆಹರು ಇನ್‌ಸ್ಟಿಟ್ಯೂಟ್ ಆಫ್ ಮೌಂಟೇನಿಯರಿಂಗ್) 1965ರಾಗ, ಮನಾಲಿ ಮತ್ತ ಪಹಲ್ಗಾಮ್‌ನ್ಯಾಗೂ ಅದಾವ. ನಾ ಹೋಗಿದ್ದು ಯಾವದಂತ ಹೇಳೋದಿಲ್ಲ, ಬೇಸಿಕ್ ಕೋರ್ಸ್ ಎಲ್ಲಾ ಕಡೆ ಹೆಚ್ಚು ಕಡಿಮಿ ಒಂದ ನಮೂನಿ ಇರ್ತೈತಿ, 26-28 ದಿನ. ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್ ಹತ್ತಿದ್ರ ದಿಲ್ಲಿಗೆ ಎರಡು ರಾತ್ರಿ, ಅಲ್ಲಿಂದ ಮುಂದ ಬಸ್ಸು. ಹೋದ ಕೂಡಲೇ ಹಿಮ ಸಿಗಂಗಿಲ್ಲ, ಮೊದಲ ಒಂದು ವಾರ ಕಲ್ಲು ಹತ್ತೋದು, ಗಂಟು ಹಾಕೋದು, ಭಾರ ಹೊತ್ತು ನಡಿಯೋದು, ಆಮ್ಯಾಲ ಬೇಸ್ ಕ್ಯಾಂಪಿಗೆ ನಡಕೋಂತ ಹೋಗೋದು. ಆರೇಳು ಮಂದಿಯ ಒಂದೊಂದು ಗುಂಪು ಮಾಡ್ತಾರ, ಅದಕ್ಕ ಅಲ್ಲಿ 'ರೋಪ್' ಅಂತಾರ, ಒಂದು ರೋಪಿಗೆ ಒಬ್ಬ ಉಸ್ತಾದ್.

ಈ ಕೋರ್ಸ್ ನನಗ ಕೊಟ್ಟ ದೊಡ್ಡ ವಸ್ತು ಅಂದ್ರ ಕಾಲು ಮತ್ತ ಕಣ್ಣು. ಕ್ರಾಂಪಾನ್ (ಬೂಟಿನ ಅಡಿಗೆ ಕಟ್ಟೋ ಲೋಹದ ಮುಳ್ಳು) ಕಟ್ಟಿ ಪಾದ ಪೂರಾ ಊರಿ ನಡಿಯೋದು ದಿನಾ ದಿನಾ ಮಾಡಿಸಿದ್ರು, ಜಾರಿ ಬಿದ್ರ ಐಸ್ ಆಕ್ಸ್‌ನಿಂದ (ಹಿಮಕ್ಕ ಚುಚ್ಚೋ ಸಣ್ಣ ಗುದ್ದಲಿಯಂಥದ್ದು) ತಡಿಯೋದನ್ನಂತೂ ಅಂಗಾತ, ಬೋರಲ, ತಲಿ ಕೆಳಗಾಗಿ, ಎಷ್ಟ ನಮೂನಿ ಬೀಳಬಹುದೋ ಅಷ್ಟೂ ನಮೂನಿ ಬೀಳಿಸಿ ಮಾಡಿಸಿದ್ರು, ಮೊಣಕೈ ಕಪ್ಪಾಗಿದ್ವು. ನಸಿಕಿನ್ಯಾಗ ನಾಕಕ್ಕ ಎಬ್ಬಿಸೋರು, ಯಾಕಂದ್ರ ಗ್ಲೇಸಿಯರಿನ ಬಿರುಕಿನ ಮ್ಯಾಲ ಮುಚ್ಚಿಕೊಂಡಿರೋ ಹಿಮದ ಸೇತುವಿ ರಾತ್ರಿ ಚಳಿಗೆ ಬಿಗಿಯಾಗಿರ್ತೈತಿ, ಬಿಸಲು ಏರಿದಂಗ ಮೆತ್ತಗಾಗ್ತೈತಿ. ಇದನ್ನ ಪುಸ್ತಕದಾಗ ಓದಿದ್ದೆ, ಆದ್ರ ಅದ ಜಾಗದಾಗ ಬೆಳಿಗ್ಗೆ ಟಕ್ ಅಂತಿದ್ದ ಹಿಮ ಹನ್ನೊಂದಕ್ಕ ಮೊಣಕಾಲ ತನಕ ಒಳಗ ತಗೊಂಡಾಗ ಅದು ಮೈಗೇ ತಿಳೀತು, ಈಗ ಬ್ಯಾರೆಯವರು ಹೇಳಬೇಕಾಗಿಲ್ಲ.

ಕೊರತಿ ಎಲ್ಲಿ ಅಂದ್ರ ಕ್ರೆವಾಸ್ ರೆಸ್ಕ್ಯೂದಾಗ, ಅಂದ್ರ ಆ ಬಿರುಕಿನ್ಯಾಗ ಬಿದ್ದವರನ್ನ ಹಗ್ಗದಿಂದ ಎತ್ತೋದರಾಗ. ನಮ್ಮ ಬ್ಯಾಚಿನ್ಯಾಗ ಮಂದಿ ಭಾಳ ಇದ್ರು, ಅದಕ್ಕ ಸಿಕ್ಕಿದ್ದು ಒಂದು ಮಧ್ಯಾಹ್ನ ಅಷ್ಟ. ಉಸ್ತಾದ್ ಮಾಡಿ ತೋರಿಸಿದ್ರು, ನಾವು ಸಾಲಾಗಿ ನಿಂತು ಹಗ್ಗ ಎಳದ್ವಿ, ಆಂಕರ್, ಅಂದ್ರ ಹಗ್ಗ ಬಿಗಿಯೋ ಗಟ್ಟಿ ಆಧಾರ, ನನ್ನ ಕೈಲೆ ನಾ ಒಮ್ಮೆನೂ ಹಾಕಲಿಲ್ಲ. ಊರಿಗೆ ಬಂದ ಮ್ಯಾಲ ಇದ ನನಗ ಕೊರೀತಿತ್ತು.

ಹಂಗಾಗೇ ಬಾವಿ. ನಮ್ಮ ಹೊಲದಾಗ ಹಳೇ ಬಾವಿ ಐತಿ, ಬ್ಯಾಸಗ್ಯಾಗ ನೀರು ತಳಾ ಹಿಡಿದಿರ್ತೈತಿ, ದಂಡಿಗೆ ಗಟ್ಟಿ ಬೇವಿನ ಗಿಡ. ಉಸುಕಿನ ಚೀಲ ತುಂಬಿ 60-70 ಕೇಜಿ ಮಾಡಿ ಕೆಳಗ ಬಿಟ್ಟು ಎತ್ತೋದು. ಬರೇ ಕೈಲೆ ಒಬ್ಬನೇ ಎಳದ್ರ ಅಲ್ಲಾಡಂಗಿಲ್ಲ, ಹಗ್ಗವನ್ನ ಝಡ್ ಆಕಾರದಾಗ ಮಡಚಿ ಎರಡು ಪುಲ್ಲಿ ಹಾಕಿ ಪ್ರುಸಿಕ್‌ನಿಂದ (ದಪ್ಪ ಹಗ್ಗವನ್ನ ಬಿಗಿಯಾಗಿ ಹಿಡಿಯೋ ಸಣ್ಣ ಹಗ್ಗದ ಗಂಟು) ಹಿಡಿದ್ರ ಭಾರ ಮೂರರಾಗ ಒಂದು ಪಾಲು ಆಗ್ತೈತಿ ಅಂತ ಲೆಕ್ಕ, ಮೂರು ಮೀಟರ್ ಎಳದ್ರ ಚೀಲ ಒಂದು ಮೀಟರ್ ಮ್ಯಾಲ. ಆದ್ರ ಪುಲ್ಲಿ ಬಿಟ್ಟು ಬರೇ ಕ್ಯಾರಬಿನರ್ (ಹಗ್ಗ ಸಿಗಿಸೋ ಲೋಹದ ಕೊಂಡಿ) ಹಾಕಿದಾಗ ತಿಕ್ಕಾಟದಾಗ ಅರ್ಧ ಬಲ ಹೋದಂಗ ಅನಿಸ್ತು, ಅವತ್ತಿನಿಂದ ಒಂದು ಸಣ್ಣ ಪುಲ್ಲಿ ಹಾರ್ನೆಸ್ (ಸೊಂಟ, ತೊಡಿಗೆ ಕಟ್ಟೋ ಪಟ್ಟಿ) ಬಿಟ್ಟು ಇಳಿದಿಲ್ಲ. ಒಂದು ದಿನ ನಾನ ಹಗ್ಗಕ್ಕ ಜೋತು ಬಿದ್ದು ಪ್ರುಸಿಕ್ ಹಿಡಿದು ಹತ್ತಾಕ ಹೋದೆ, ಮ್ಯಾಲ ಬ್ಯಾರೆ ಹಗ್ಗದಾಗ ಗೆಳೆಯ ಬಿಲೇ, ಅಂದ್ರ ಬಿದ್ರ ತಡಿಯೋ ಹಗ್ಗ, ಹಿಡಿದಿದ್ದ, ಕಾಲಿನ ಕುಣಿಕಿ ಉದ್ದ ಕಟ್ಟಿದ್ದೆ, ಒಂದು ಹೆಜ್ಜಿಗೆ ಒಂದು ಗೇಣೂ ಏರಲಿಲ್ಲ, ಹತ್ತು ನಿಮಿಷದಾಗ ತೊಡಿ ಜೋಮು ಹಿಡೀತು. ಹಾರ್ನೆಸ್‌ನ್ಯಾಗ ಹಂಗ ಸುಮ್ನ ನೇತಾಡೋದು ಜೀವಕ್ಕ ಅಪಾಯ ಅನ್ನೋದು ಅವತ್ತು ಗೊತ್ತಾತು. ಕುಣಿಕಿ ನಿಮ್ಮ ನಿಮ್ಮ ಅಳತಿಗೆ ಮನ್ಯಾಗ ಕಟ್ಟಿಟ್ಕೋರಿ. ಚೀಲದಿಂದ ಶುರು ಮಾಡ್ರಿ, ಮನಿಷಾನ್ನ ಇಳಿಸೋದಾದ್ರ ಎರಡನೇ ಹಗ್ಗ ಮತ್ತ ಕಲಿತವರೊಬ್ಬರು ಇಲ್ದ ಬ್ಯಾಡ್ರಿ.

ಎರಡು ವರ್ಷದಾಗ ಕಣ್ಣು ಮುಚ್ಚಿ ಝಡ್ ಕಟ್ಟೋವಷ್ಟು ಆತು, ಗ್ಲೇಸಿಯರಿಗೆ ಇನ್ನೇನು ಬೇಕು ಅಂದ್ಕೊಂಡಿದ್ದೆ. ಪ್ರೈವೇಟ್ ಕೋರ್ಸಿಗೆ ಹಿಮಾಚಲದ ಕಡೆ ಹೋದೆ, ಆರು ದಿನ, ನಾಕು ಮಂದಿಗೆ ಒಬ್ಬ ಇನ್‌ಸ್ಟ್ರಕ್ಟರ್. ಮೂರು ದಿನ ಪೂರಾ ಕ್ರೆವಾಸ್ ಹತ್ರನ. ಪ್ರತಿಯೊಬ್ಬರನ್ನೂ ಒಳಗ ಇಳಿಸಿ ಉಳಿದವರು ಎತ್ತಬೇಕು.

ನನ್ನ ಸರದಿ ಬಂತು. ನಾಕೈದು ಮೀಟರ್ ಒಳಗ ಇಳಿದ್ರ ಸುತ್ತ ನೀಲಿ ಬೆಳಕು, ಎಲ್ಲೋ ನೀರು ತೊಟ್ಟಿಕ್ಕೋ ಸಪ್ಪಳ, ಮ್ಯಾಲಿನವರು ಒದರಿದ್ದು ಗೊಣಗಿದಂಗ ಕೇಳಸ್ತೈತಿ, ಹಿಮ ದನೀನ ನುಂಗಿಬಿಡ್ತೈತಿ. ಬಾವ್ಯಾಗ ದನಿ ಗಂವ್ ಅಂತಿತ್ತು, ಇಲ್ಲಿ ಹಂಗಲ್ಲ. ಅವರು ಮೂವರೂ ಎಳದ್ರು, ನಾ ಒಂದಿಂಚೂ ಮ್ಯಾಲ ಬರಲಿಲ್ಲ. ನನ್ನ ಹಗ್ಗ ಬೆಣ್ಣ್ಯಾಗ ದಾರ ಎಳದಂಗ ಹಿಮದ ದಂಡಿ ಕೊಯ್ಕೊಂಡು ಒಳಗ ಹೂತು ಹೋಗಿತ್ತು. ಬಾವಿ ಕಟ್ಟಿ ಕಲ್ಲಿಂದು, ಗೋಣಿ ಚೀಲ ಹಾಸಿದ್ರ ಹಗ್ಗ ಸರಳ ಓಡ್ತಿತ್ತು, ಈ ತ್ರಾಸು ಅಲ್ಲಿ ಎರಡು ವರ್ಷದಾಗ ಒಮ್ಮೆನೂ ಬಂದಿರಲಿಲ್ಲ ನೋಡ್ರಿ. ಆಮ್ಯಾಲ ಇನ್‌ಸ್ಟ್ರಕ್ಟರ್ ದಂಡಿ ಮ್ಯಾಲ ಐಸ್ ಆಕ್ಸ್ ಅಡ್ಡ ಇಟ್ಟು, ಉಳಿದ ಹಗ್ಗದ ಕುಣಿಕಿಗೆ ಪುಲ್ಲಿ ಹಾಕಿ ಕೆಳಗ ಬಿಟ್ರು, ನಾ ಅದನ್ನ ಹಾರ್ನೆಸ್ಸಿಗೆ ಸಿಗಿಸ್ಕೊಂಡೆ, ಎಳದ್ರು, ಬಂದೆ. ಇದು ಎರಡಕ್ಕ ಒಂದರ ಲೆಕ್ಕ, ಝಡ್‌ಗಿಂತ ಬಲ ಕಡಿಮಿ, ಹಗ್ಗ ಭಾಳ ಬೇಕು, ಕೆಳಗಿದ್ದಾಂವ ಎಚ್ಚರ ಇರಬೇಕು, ಆದ್ರ ಹೂತ ಹಗ್ಗದ ತಂಟೇನ ಇಲ್ಲ. ಇಬ್ಬರ ಟೀಮ್ ಆದ್ರ ಹಗ್ಗದಾಗ ಬಟರ್‌ಫ್ಲೈ ಗಂಟು ಹಾಕ್ಕೊಂಡು ನಡೀತಾರಲ್ಲ, ಆ ಗಂಟು ದಂಡ್ಯಾಗ ಸಿಕ್ಕು ಬೀಳೋದನ್ನ ತಡೀತಾವ, ಆದ್ರ ಅದ ಹಗ್ಗದಿಂದ ಎತ್ತಾಕ ಹೋದ್ರ ಅದ ಗಂಟು ಅಡ್ಡ ಬರ್ತಾವ, ಅಲ್ಲಿ ಈ ಕುಣಿಕಿನ ದಾರಿ. ಐಸ್ ಆಕ್ಸನ್ನ ಹಿಮದಾಗ ಅಡ್ಡ ಹೂತು ಆಂಕರ್ ಮಾಡೋದೂ ನನ್ನ ಕೈಲೆ ಎಂಟು ಹತ್ತು ಸಲ ಮಾಡಿದ್ದು ಇಲ್ಲೇನ.

ಆದ್ರ ಈ ಪ್ರೈವೇಟ್ ಕೋರ್ಸಿನ ಅವಸರ ನನಗ ಸೇರಲಿಲ್ಲ. ಮೂರನೇ ದಿನಕ್ಕ 4,000 ಮೀಟರ್ ದಾಟಿಸಿದ್ರು, ನಮ್ಮೊಳಗ ಒಬ್ಬಾಕಿಗೆ ತಲಿ ಸಿಡಿದು ವಾಂತಿ ಆಗಿ ರಾತ್ರಿ ಕೆಳಗ ಕರ್ಕೊಂಡು ಹೋಗಬೇಕಾತು. ಜಾರಿದ್ರ ತಡಿಯೋ ಪ್ರಾಕ್ಟೀಸ್ ಅರ್ಧ ತಾಸು. ಮೊದಲ ಸಲ ಹಿಮ ನೋಡೋರಿಗೆ ಇದು ಸಾಲಂಗಿಲ್ಲ, ನಾ ಗಟ್ಟಿಯಾಗಿ ಹೇಳ್ತೀನಿ. ದಿನದ ಲೆಕ್ಕದಾಗ ಖರ್ಚೂ ಮೂರು ಪಟ್ಟು ಆತು. ಮುಂದ ಅಡ್ವಾನ್ಸ್ ಕೋರ್ಸ್ ಮಾಡೋ ಆಸೆ ಇದ್ರಂತೂ ಸರ್ಕಾರಿ ಬೇಸಿಕ್ಕಿನ 'ಎ' ಗ್ರೇಡ್ ಬೇಕ ಬೇಕು.

ಹಗ್ಗ ಗಂಟು ಬಂದ್ರ ಸಾಕು ಅನ್ನೋರು 2022ರ ಅಕ್ಟೋಬರ್ 4 ನೆನಪು ಮಾಡ್ಕೋರಿ, ಉತ್ತರಾಖಂಡದ ದ್ರೌಪದಿ ಕಾ ಡಾಂಡಾ-2 ಶಿಖರದ ಹಿಮಕುಸಿತ. ಅಲ್ಲಿ ಸತ್ತವರು ಕಲೀಲಾರದವರಲ್ಲ, ಅದ ವರ್ಷ ಮೇದಾಗ ಎವರೆಸ್ಟ್ ಹತ್ತಿದ್ದ ಸವಿತಾ ಕಂಸ್ವಾಲ್ ಇದ್ರು, ನಮ್ಮ ಕರ್ನಾಟಕದ ಹುಡುಗರೂ ಇದ್ರು. ಅದನ್ನ ನೆನಸಿದ್ರ ಈಗಲೂ ಹೊಟ್ಟ್ಯಾಗ ಸಂಕಟ ಆಗ್ತೈತಿ.

ನಕಾಶಿ ಓದೋದು ಎರಡೂ ಕೋರ್ಸಿನ್ಯಾಗ ಬರೇ ಒಂದೊಂದು ಪಾಠ. ಅದನ್ನ ನಾ ಕಲಿತಿದ್ದು ಜಾಂಬೋಟಿ-ಕಣಕುಂಬಿ ಕಡೆ, ನಮ್ಮ ಮಲಪ್ರಭಾ ಹುಟ್ಟೋ ಜಾಗ. ಜುಲೈದಾಗ ಮಂಜು ಇಳಿದ್ರ ಹತ್ತು ಹೆಜ್ಜಿ ಮುಂದ ಕಾಣಂಗಿಲ್ಲ, ಗ್ಲೇಸಿಯರ್ ಮ್ಯಾಲ ಮೋಡ ಕವಿದಾಗೂ ಹಂಗ. 1:50,000ರ ಸರ್ವೇ ನಕಾಶಿ, ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್, ಕೈಯಾಗ ಕಂಪಾಸು, ಹೆಜ್ಜಿ ಎಣಸ್ಕೋಂತ ನಡಿಯೋದು. ಕಾಡಿನ ಒಳಗ ಹೋಗೋದಾದ್ರ ಅರಣ್ಯ ಇಲಾಖೆ ಪರ್ಮಿಷನ್ ತಗೋರಿ. ಫೋನಿನ ಜಿಪಿಎಸ್ ಬ್ಯಾಡ ಅನ್ನಂಗಿಲ್ಲ, ನೀವೆಲ್ಲಿದ್ದೀರಿ ಅನ್ನೋದನ್ನ ಅದು ಕರೆಕ್ಟ್ ಹೇಳ್ತೈತಿ, ಚಳಿಗೆ ಬ್ಯಾಟರಿ ಸಾಯ್ತೈತಿ ಅಂತ ಜಾಕೆಟ್ ಒಳಗ ಇಟ್ಕೋಬೇಕು ಅಷ್ಟ. ಆದ್ರ ಹೋದ ವರ್ಷದ ಮಂದಿ ನಡೆದ ಟ್ರ್ಯಾಕ್ ಹಿಡಿದು ಗ್ಲೇಸಿಯರ್ ಮ್ಯಾಲ ಹೋಗಬ್ಯಾಡ್ರಿ, ಅದು ಹರಿಯೋ ಹಿಮ, ಬಿರುಕು ಜಾಗ ಬದಲಿಸ್ತಾವ. ನಕಾಶಿ ಬ್ಯಾರೇದ ಹೇಳ್ತೈತಿ: ಎತ್ತರ ತೋರಿಸೋ ಗೆರಿ ದೂರ ದೂರ ಇದ್ದದ್ದು ಒಮ್ಮಿಂದೊಮ್ಮೆಲೆ ಒತ್ತಾದ್ರ ಅಲ್ಲಿ ಇಳಿಜಾರು ಮುರೀತೈತಿ, ಹಿಮ ಜಗ್ಗಿ ಒಡೀತೈತಿ, ಅಲ್ಲೇ ಬಿರುಕು ಜಾಸ್ತಿ. ಹೊಂಟ ಮುಂಚೆ ಡೇರ್ಯಾಗ ಕುಂತು ಅಂಥ ಜಾಗ ಪೆನ್ಸಿಲ್‌ನಿಂದ ಗುರ್ತು ಮಾಡ್ಕೋರಿ.

ಅಳಿಯಗ ನಾ ಹೇಳಿದ್ದು ಇಷ್ಟ: ಸರ್ಕಾರಿ ಕೋರ್ಸಿನ ಫಾರ್ಮ್ ಈಗ ತುಂಬು, ಸೀಟು ಭಾಳ ತಿಂಗಳು ಮೊದಲ ತುಂಬ್ತಾವ, ಮೆಡಿಕಲ್ ಮಾಡಿಸು. ಕರೆ ಬರೋ ತನಕ ಐತವಾರ ಬಾವಿಗೆ ಬಾ. ಪ್ರೈವೇಟ್ ಕೋರ್ಸ್ ಮುಂದಿನ ವರ್ಷ ನೋಡೋಣಂತ. "ಹಂಗಾದ್ರ ಉಸುಕಿನ ಚೀಲ ನಾ ತುಂಬಿಡ್ತೀನಿ ಮಾಮಾ" ಅಂದ.