50 ಖಾನೆಗಳ ಅಕ್ರಿಲಿಕ್ ಪೆಟ್ಟಿಗೆ: ಆಟಿಕೆ ಕಾರು ಸಂಗ್ರಾಹಕರಿಗಾಗಿ ಒಂದು ವಿಮರ್ಶೆ

1:64 ಅಳತೆಯ, ಅಂದರೆ ನಿಜವಾದ ಕಾರಿನ ಅರವತ್ನಾಲ್ಕನೇ ಒಂದರಷ್ಟಿರುವ, ಡೈ-ಕಾಸ್ಟ್ (ಲೋಹವನ್ನು ಅಚ್ಚಿನಲ್ಲಿ ಎರಕ ಹೊಯ್ದ) ಆಟಿಕೆ ಕಾರು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಇದೊಂದಕ್ಕೆ ಜಾಗ ಸಿಕ್ಕೇ ಸಿಗುತ್ತದೆ ಎಂದುಕೊಂಡು ತಂದ ಕಾರುಗಳು ಕಪಾಟಿನಿಂದ ರಟ್ಟಿನ ಡಬ್ಬಗಳಿಗೆ ಇಳಿದ ಮೇಲೆ, ನಮ್ಮ ಬಳಿ ಏನೇನಿದೆ ಎಂಬುದು ನಮಗೇ ನೆನಪಿರುವುದಿಲ್ಲ. ಗೋಡೆಗೆ ತೂಗುಹಾಕುವ, ಜಾರುಬಾಗಿಲಿನ, 50 ಖಾನೆಗಳ ಅಕ್ರಿಲಿಕ್ ಪೆಟ್ಟಿಗೆಯನ್ನು ನಾನು ಮೆಚ್ಚಿಕೊಂಡಿರುವುದು ಮುಖ್ಯವಾಗಿ ಈ ಗೊಂದಲಕ್ಕೆ ಅದು ಒಡ್ಡುವ ತಡೆಗಾಗಿ; ನೋಟದ ಚೆಲುವು ನನ್ನ ಮಟ್ಟಿಗೆ ಎರಡನೆಯ ಮಾತು.

ಖಾನೆಗಳೆಲ್ಲ ತುಂಬಿದ ಮೇಲೆ ಹೊಸ ಕಾರು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಲೇಬೇಕು. 1953ರಲ್ಲಿ ಮ್ಯಾಚ್‌ಬಾಕ್ಸ್, 1968ರಲ್ಲಿ ಹಾಟ್ ವೀಲ್ಸ್ ಎಂಬ ಆಟಿಕೆ ಕಾರುಗಳು ಮಾರುಕಟ್ಟೆಗೆ ಬಂದಾಗಿನಿಂದ ತಯಾರಾದ ಮಾದರಿಗಳನ್ನೆಲ್ಲ ಕೂಡಿಹಾಕುವುದು ಆಗದ ಮಾತಾದ್ದರಿಂದ, ಒಂದು ಕಂಪನಿ, ಒಂದು ಕಾಲ ಅಥವಾ ಒಂದು ಬಗೆಯ ವಾಹನವನ್ನು ಆರಿಸಿಕೊಳ್ಳುವುದು ಹೇಗೂ ಅನಿವಾರ್ಯ. ಆ ಆಯ್ಕೆಯನ್ನು ಮುಂದೂಡಲು ಈ ಪೆಟ್ಟಿಗೆ ಬಿಡುವುದಿಲ್ಲ. ಒಂದೇ ಅಚ್ಚಿನ ಕಾರು ಮೂರು ಬಣ್ಣಗಳಲ್ಲಿ ಅಕ್ಕಪಕ್ಕ ಕುಳಿತಾಗ, ಯಾವುದನ್ನು ನಿಜವಾಗಿ ಇಷ್ಟಪಟ್ಟು ತಂದೆವು, ಯಾವುದು ಸುಮ್ಮನೆ ಕೈಗೆ ಸಿಕ್ಕಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಖಾನೆಗಳಿಗೆ ಸಾಲುವಾರು ಗುರುತು ಕೊಟ್ಟು, ಅದೇ ಗುರುತನ್ನು ಸ್ಪ್ರೆಡ್‌ಶೀಟಿನಲ್ಲಿ ಬರೆದಿಟ್ಟುಕೊಂಡರೆ ಪೆಟ್ಟಿಗೆಯ ಉಪಯೋಗ ಇಮ್ಮಡಿಯಾಗುತ್ತದೆ. ಹಾಟ್ ವೀಲ್ಸ್ ಕಾರಿನ ತಳದಲ್ಲಿ ಉಬ್ಬಚ್ಚಾಗಿರುವ ಇಸವಿ ಸಾಮಾನ್ಯವಾಗಿ ಆ ಅಚ್ಚಿನ ಹಕ್ಕುಸ್ವಾಮ್ಯಕ್ಕೆ ಸಂಬಂಧಿಸಿದ್ದೇ ಹೊರತು ಕಾರು ತಯಾರಾದ ವರ್ಷವಲ್ಲ. ಈಚಿನ ಕಾರುಗಳಲ್ಲಿ ತಳದ ಮೇಲೆ ಬೇರೆಯಾಗಿ ಒತ್ತಿರುವ ಪುಟ್ಟ ಸಂಕೇತವನ್ನು ಭೂತಗನ್ನಡಿ ಹಿಡಿದು ಓದಬೇಕು. ಅದರ ಅಕ್ಷರ ವರ್ಷವನ್ನೂ ಅಂಕಿಗಳು ವಾರವನ್ನೂ ಸೂಚಿಸುತ್ತವೆ. ಎರಡನ್ನೂ ದಾಖಲಿಸಿದರೆ ಇರುವುದನ್ನೇ ಮತ್ತೆ ಕೊಳ್ಳುವ ಪ್ರಮಾದ ತಪ್ಪುತ್ತದೆ.

ಕೊರತೆಗಳೂ ಇವೆ. ಎತ್ತರದ ಪಿಕಪ್ ಟ್ರಕ್ಕುಗಳು ಖಾನೆಯಲ್ಲಿ ಹಿಡಿಸುವುದಿಲ್ಲ, ಅಗಲವಾದವು ಜಾರುಬಾಗಿಲಿಗೆ ತಗಲುತ್ತವೆ. ಬಾಗಿಲಿನ ಸಂದಿಯಲ್ಲಿ ನವಿರಾದ ಧೂಳು ನುಸುಳುತ್ತದೆ. ಆ ಧೂಳನ್ನು ಒಣಬಟ್ಟೆಯಿಂದ ಉಜ್ಜಿದರೆ ಅಕ್ರಿಲಿಕ್ ಮೇಲೆ ಗೀರು ಬೀಳುತ್ತದೆ. ಅಮೋನಿಯಾ ಅಥವಾ ಆಲ್ಕೋಹಾಲ್ ಇರುವ ಗಾಜು ಒರೆಸುವ ದ್ರಾವಣ ಬಳಸಿದರೆ ಕಾಲಕ್ರಮೇಣ ಕೂದಲೆಳೆಯಂಥ ಬಿರುಕುಗಳೇಳಬಹುದು. ಸೌಮ್ಯ ಸಾಬೂನು ನೀರಿನಲ್ಲಿ ಅದ್ದಿದ ಮೈಕ್ರೋಫೈಬರ್ ಬಟ್ಟೆಯೇ ಸೂಕ್ತ. ಮೃದುವಾದ ಟೈರುಗಳಲ್ಲಿರುವ ಪ್ಲಾಸ್ಟಿಸೈಜರ್ (ಅವನ್ನು ಮೃದುವಾಗಿಸುವ ರಾಸಾಯನಿಕ) ಹೊರಗೆ ಜಿನುಗಿ ತಾಗಿದ ಪ್ಲಾಸ್ಟಿಕ್ಕಿನ ಮೇಲೆ ಕಲೆ ಮಾಡುವುದುಂಟು. ಅಂಥ ಕಾರುಗಳ ಕೆಳಗೆ ಕಾಗದದ ತುಂಡೊಂದನ್ನು ಹಾಸುವುದು ಒಳ್ಳೆಯದು. ಪೆಟ್ಟಿಗೆ ಪಾರದರ್ಶಕವಾದ್ದರಿಂದ ಕಿಟಕಿಯ ಎದುರು ತೂಗುಹಾಕಲೇಬಾರದು. ಬಿಸಿಲಿಗೆ ಬಣ್ಣ ಮಾಸಿದ ಕಾರನ್ನು ಮೊದಲಿನಂತಾಗಿಸಲು ಬರುವುದಿಲ್ಲ, ಅದನ್ನು ನೋಡುವುದು ನಿಜಕ್ಕೂ ಸಂಕಟದ ವಿಷಯ.

ಪ್ಯಾಕ್ ಒಡೆಯದೆ ಕಾರುಗಳನ್ನು ಇಟ್ಟುಕೊಳ್ಳುವವರಿಗೆ ಈ ಪೆಟ್ಟಿಗೆ ಉಪಯೋಗಕ್ಕೆ ಬಾರದು. ಅವರು ಪ್ಯಾಕಿನ ರಟ್ಟಿನ ಕಾರ್ಡಿನ ಅಳತೆಗೆ ತಕ್ಕ ರಕ್ಷಾಕವಚಗಳನ್ನೇ ನೆಚ್ಚಿಕೊಳ್ಳಬೇಕು. ಬಿಡಿ ಕಾರುಗಳನ್ನು ಇಡುವವರು ಮಾತ್ರ, ತಮ್ಮಲ್ಲಿರುವ ಅತಿ ಎತ್ತರದ ಕಾರನ್ನು ಮೊದಲು ಅಳೆದು, ಖಾನೆಯ ಒಳ ಅಳತೆಯೊಂದಿಗೆ ಹೋಲಿಸಿ ನೋಡಿದ ಮೇಲೆ ನಿಶ್ಚಿಂತೆಯಿಂದ ಕೊಳ್ಳಬಹುದು.