200 ಆಂಪ್ ವೆಲ್ಡಿಂಗ್ ಮೆಷಿನ್: ಕೊಳ್ಳುವ ಮೊದಲು ಮನೆಯ ವೈರಿಂಗ್ ನೋಡಿ

ಸಿಂಗಲ್ ಫೇಸಿನಲ್ಲಿ ನಡೆಯುವ, ಮುಂಭಾಗದಲ್ಲಿ 200 (ವೆಲ್ಡಿಂಗಿಗೆ ಕೊಡಬಲ್ಲ ಗರಿಷ್ಠ ಆಂಪ್) ಎಂದು ದಪ್ಪಕ್ಷರದಲ್ಲಿ ಬರೆದಿರುವ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಈಗ ಊರೂರಿನ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತದೆ. ಗ್ರಿಲ್, ಗೇಟಿನ ಕೀಲು, ಚೌಕ ಪೈಪಿನ ಮೇಜು ಮುಂತಾದ ಮನೆಗೆಲಸಕ್ಕೆ ನಾನು ಬಳಸುತ್ತಿರುವುದೂ ಇದೇ ಬಗೆಯದು. ಹಳೆಯ ಟ್ರಾನ್ಸ್‌ಫಾರ್ಮರ್ ಮೆಷಿನ್ನಿನಂತೆ ಇದನ್ನು ಇಬ್ಬರು ಹೊರಬೇಕಿಲ್ಲ. ಡಿಸಿ ಕರೆಂಟ್ ಕೊಡುವುದರಿಂದ ಆರ್ಕ್ (ಕರಗಿ ಬೆಸೆಯುವ ವೆಲ್ಡಿಂಗ್ ರಾಡಿಗೂ ಕಬ್ಬಿಣಕ್ಕೂ ನಡುವೆ ಉರಿಯುವ ವಿದ್ಯುತ್ ಜ್ವಾಲೆ) ಸ್ಥಿರವಾಗಿ ನಿಲ್ಲುತ್ತದೆ, ಹೊಸಬರ ಕೈಯಲ್ಲೂ ರಾಡ್ ಅಂಟಿಕೊಳ್ಳುವುದು ಕಡಿಮೆ. ನನ್ನ ತಕರಾರು ಇರುವುದು ಆ 200ರ ಬಗ್ಗೆ ಮಾತ್ರ.

3.15 ಎಂಎಂ ರಾಡಿಗೆ 100 ಆಂಪ್ ಇಟ್ಟರೆ ಆರ್ಕಿನ ವೋಲ್ಟೇಜ್ ಸುಮಾರು 24, ಅಂದರೆ ಅಲ್ಲಿ ಖರ್ಚಾಗುವುದು 2.4 ಕಿಲೋವಾಟ್. ಮೆಷಿನ್ನಿನೊಳಗಿನ ನಷ್ಟವನ್ನೂ, ಅಗ್ಗದ ಇನ್ವರ್ಟರುಗಳಲ್ಲಿ 0.7ರ ಆಸುಪಾಸಿನಲ್ಲಿರುವ ಪವರ್ ಫ್ಯಾಕ್ಟರನ್ನೂ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಲೆಕ್ಕಕ್ಕೆ ಹಿಡಿದರೆ 230 ವೋಲ್ಟಿನ ಲೈನಿನಿಂದ ಅದು ಎಳೆಯುವುದು ಸುಮಾರು 18 ಆಂಪ್. 16 ಆಂಪಿನ ಪ್ಲಗ್ ಅಲ್ಲಿಗೇ ಸೋಲುತ್ತದೆ. ನಿಜವಾಗಿ 200 ಆಂಪ್ ಬೇಕೆಂದರೆ ಅದೇ ಲೆಕ್ಕ 40 ದಾಟುತ್ತದೆ, ಮತ್ತು 3 ಕಿಲೋವಾಟ್ ಮಂಜೂರಾದ ಮನೆಯ ಮೀಟರಿಗೆ ಅದು ಹೊರಲಾಗದ ಹೊರೆ. ಸಂಜೆ ವೋಲ್ಟೇಜ್ ಇಳಿದಾಗ ಅಷ್ಟೇ ಕೆಲಸಕ್ಕೆ ಮೆಷಿನ್ ಇನ್ನೂ ಹೆಚ್ಚು ಆಂಪ್ ಎಳೆಯುತ್ತದೆ ಎಂಬುದನ್ನೂ ಮರೆಯಬಾರದು.

ಆದ್ದರಿಂದ ಅಂಗಡಿಯಲ್ಲಿ ಮೆಷಿನ್ನಿನ ಹಿಂಬದಿಯ ಪಟ್ಟಿಯನ್ನು ಓದಿ. ಗರಿಷ್ಠ ಇನ್‌ಪುಟ್ ಆಂಪ್ ಎಷ್ಟು, 10 ನಿಮಿಷದಲ್ಲಿ ಎಷ್ಟು ನಿಮಿಷ ಆರ್ಕ್ ಉರಿಸಬಹುದೆಂದು ಹೇಳುವ ಡ್ಯೂಟಿ ಸೈಕಲ್ ಎಷ್ಟು ಎಂಬುದು ಅಲ್ಲಿಲ್ಲದಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ನಾನಂತೂ ಕೊಳ್ಳುವುದಿಲ್ಲ. ತೆಳು ಪೈಪಿಗೆ 2.5 ಎಂಎಂ ರಾಡ್, 60ರಿಂದ 90 ಆಂಪ್ ಧಾರಾಳವಾಗಿ ಸಾಕು.

ಉಳಿದ ಹಣವನ್ನು ವೈರಿಂಗಿಗೆ ಹಾಕಿ. ಮೇನ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್, 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 25 ಆಂಪಿನ ಸಿ ಕರ್ವ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್), 32 ಆಂಪಿನ ಇಂಡಸ್ಟ್ರಿಯಲ್ ಸಾಕೆಟ್: 3.15 ರಾಡಿನವರೆಗಿನ ಕೆಲಸಕ್ಕೆ ಇದು ಸರಿಯಾದ ಏರ್ಪಾಡು. ಸ್ವಿಚ್ ಹಾಕಿದ ಕ್ಷಣದಲ್ಲೇ ಎಂಸಿಬಿ ಬಿದ್ದರೆ ಒಳಗಿನ ಕೆಪಾಸಿಟರುಗಳು ಒಮ್ಮೆಲೇ ಎಳೆದುಕೊಳ್ಳುವ ಕರೆಂಟ್ ಅದಕ್ಕೆ ಕಾರಣವಿರಬಹುದು. ಆಗ ಎಲೆಕ್ಟ್ರಿಷಿಯನ್ನರನ್ನು ಕೇಳಿ ಆ ಕ್ಷಣಿಕ ಕರೆಂಟನ್ನು ತಾಳುವ ಡಿ ಕರ್ವಿನದನ್ನು ಹಾಕಿಸಬೇಕೇ ಹೊರತು ವೈರ್ ಬದಲಿಸದೆ ಹೆಚ್ಚು ಆಂಪಿನ ಎಂಸಿಬಿ ಕೂರಿಸಬಾರದು. 1.5 ಸ್ಕ್ವೇರಿನ ತೆಳು ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಅದನ್ನು ಸುರುಳಿ ಬಿಚ್ಚದೆ ಬಳಸಿದರೆ ವೈರ್ ಕಾದು ಇನ್ಸುಲೇಷನ್ ಕರಗುತ್ತದೆ. ಕಬ್ಬಿಣಕ್ಕೆ ಕಚ್ಚಿಸುವ ಕ್ಲ್ಯಾಂಪ್ ಇದೆಯೆಂದು ಪ್ಲಗ್ಗಿನ ಅರ್ತ್ ವೈರನ್ನು ಬಿಡುವವರಿದ್ದಾರೆ. ಎರಡರ ಕೆಲಸವೂ ಬೇರೆ, ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಮೆಷಿನ್ನಿನ ಜೊತೆ ಬರುವ ಕೇಬಲ್ ಗಿಡ್ಡ, ಹೋಲ್ಡರ್ ಸಾಧಾರಣ. ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಶೀಲ್ಡನ್ನು ಬದಿಗಿಟ್ಟು, 11ನೇ ನಂಬರಿನ ಕಪ್ಪು ಗಾಜಿರುವ ತಲೆಗೆ ಹಾಕುವ ಹೆಲ್ಮೆಟನ್ನು ಅದೇ ದಿನ ಕೊಂಡುಬಿಡಿ.